ಕುರಿಯ ಕೆನ್ನೆ, ಪ್ಲಾಸ್ಟಿಕ್ ಮುಚ್ಚಳ, ನಡುವೆ ನೀರು

ಪ್ರಶ್ನೆ: ನಾನು ತುಮಕೂರಿನಲ್ಲಿ ಎಂ.ಫಾರ್ಮ್ ಕೊನೆಯ ವರ್ಷ ಓದುತ್ತಿದ್ದೇನೆ. ಕೆನ್ನೆಯ ಒಳಗೆ ಅಂಟಿಕೊಂಡು ನಿಧಾನಕ್ಕೆ ಕರಗುವ ಮಾತ್ರೆ ನನ್ನ ಪ್ರಾಜೆಕ್ಟ್. ಅದು ಎಷ್ಟು ಗಟ್ಟಿಯಾಗಿ ಹಿಡಿಯುತ್ತದೆ ಎಂದು ಅಳೆಯಲು ಮಟನ್ ಅಂಗಡಿಯಿಂದ ಕುರಿಯ ಕೆನ್ನೆ ತಂದು, ಒಳಪೊರೆಯನ್ನು ಪ್ಲಾಸ್ಟಿಕ್ ಮುಚ್ಚಳಕ್ಕೆ ಫೆವಿಕ್ವಿಕ್ ಹಾಕಿ ಅಂಟಿಸಿ, ಹಳೆಯ ಫಿಸಿಕಲ್ ಬ್ಯಾಲೆನ್ಸ್‌ಗೆ (ಎರಡು ತಟ್ಟೆಯ ತಕ್ಕಡಿ) ಜೋಡಿಸುತ್ತೇನೆ. ಮಾತ್ರೆ ಬಿಡುವ ಮೊದಲೇ ಪೊರೆ ಮುಚ್ಚಳದಿಂದ ಕಿತ್ತು ಬರುತ್ತದೆ. ಅಂಟು ಜಾಸ್ತಿ ಹಾಕಿದರೆ ಪೊರೆ ಬೆಳ್ಳಗಾಗಿ ಸೆಟೆದುಕೊಳ್ಳುತ್ತದೆ. ಅರಾಲ್ಡೈಟ್, ಫೆವಿಕಾಲ್ ಎರಡೂ ನೋಡಿದ್ದಾಯಿತು. ಯಾವ ಅಂಟು ಬಳಸಬೇಕು?

ಉತ್ತರ: ಅಂಟಿನ ವಿಷಯಕ್ಕೆ ಆಮೇಲೆ ಬರೋಣ. ಮೊದಲು ಕಿತ್ತು ಬಂದ ಪೊರೆಯನ್ನು ಬಿಸಾಡದೆ ತಿರುಗಿಸಿ ನೋಡಿ. ಮುಚ್ಚಳವನ್ನೂ ಬೆಳಕಿಗೆ ಹಿಡಿದು ನೋಡಿ. ಒಣಗಿದ ಅಂಟಿನ ಹಾಳೆ ಯಾವ ಕಡೆ ಉಳಿದಿದೆ?

ಅಂಟಿನ ಹಾಳೆ ಪೊರೆಯ ಬೆನ್ನಿಗೇ ಹತ್ತಿಕೊಂಡು ಬಂದು, ಮುಚ್ಚಳ ತೊಳೆದಿಟ್ಟ ಹಾಗೆ ಹೊಳೆಯುತ್ತಿದ್ದರೆ ತಪ್ಪು ಪ್ಲಾಸ್ಟಿಕ್‌ನದು. ಅಂಟು ಮುಚ್ಚಳದ ಮೇಲೆ ಉಳಿದು ಪೊರೆ ಮಾತ್ರ ನುಣ್ಣಗೆ ಬಿಟ್ಟು ಬಂದಿದ್ದರೆ ತಪ್ಪು ನೀರಿನದು, ಇಲ್ಲವೇ ಕೊಬ್ಬಿನದು. ಎರಡೂ ಕಡೆ ಮಾಂಸದ ಎಳೆಗಳು ಕಾಣುತ್ತಿದ್ದರೆ ಅಂಟು ಚೆನ್ನಾಗಿಯೇ ಹಿಡಿದಿದೆ, ಪೊರೆಯೇ ಹರಿದಿದೆ ಅಂತ ಅರ್ಥ. ಮೂರಕ್ಕೂ ಮದ್ದು ಬೇರೆ ಬೇರೆ. ಇದನ್ನು ನೋಡದೆ ಅಂಗಡಿಯಲ್ಲಿರುವ ಅಂಟನ್ನೆಲ್ಲ ತಂದು ಹಚ್ಚಿದರೆ ದುಡ್ಡು ದಂಡ, ಕುರಿಯ ಕೆನ್ನೆಯೂ ದಂಡ.

ನೀವು 'ಮುಚ್ಚಳ' ಅಂತ ಬರೆದದ್ದು ಓದಿದಾಗಲೇ ನನಗೆ ಮೊದಲನೆಯದರ ಮೇಲೆ ಅನುಮಾನ ಬಂತು. ಡಬ್ಬಿ, ಬಾಟಲಿಗಳ ಮುಚ್ಚಳ ಬಹುಪಾಲು ಪಾಲಿಪ್ರೊಪಿಲೀನ್ ಅಥವಾ ಪಾಲಿಎಥಿಲೀನ್. ಒಳಗೆ ಅಚ್ಚು ಹಾಕಿದ ತ್ರಿಕೋನ ಇದ್ದರೆ ಅದರೊಳಗಿನ ಅಂಕಿ ನೋಡಿ. 5 ಅಂದರೆ ಪಾಲಿಪ್ರೊಪಿಲೀನ್. 2 ಅಥವಾ 4 ಅಂದರೆ ಪಾಲಿಎಥಿಲೀನ್. ಅಂಕಿ ಇಲ್ಲವೇ? ಬ್ಲೇಡಿನಿಂದ ಒಂದು ಚೂರು ಕೆತ್ತಿ ಲೋಟದ ನೀರಿಗೆ ಹಾಕಿ. ಗಾಳಿಗುಳ್ಳೆ ಅಂಟಿಕೊಂಡಿದ್ದರೆ ಬೆರಳಿನಿಂದ ಒತ್ತಿ ಮುಳುಗಿಸಿ ಬಿಡಿ. ಮತ್ತೆ ಮೇಲೆ ಬಂದು ತೇಲಿದರೆ ಅದು ಈ ಎರಡರಲ್ಲೊಂದು. ಅಕ್ರಿಲಿಕ್, ಪಾಲಿಕಾರ್ಬೊನೇಟ್, ಪಾಲಿಸ್ಟೈರೀನ್ ಮೂರೂ ನೀರಿಗಿಂತ ಭಾರ, ತಳ ಸೇರುತ್ತವೆ. ತೇಲುವ ಪ್ಲಾಸ್ಟಿಕ್‌ಗೆ ಫೆವಿಕ್ವಿಕ್ ಹಾಕಿ ಪ್ರಯೋಜನವಿಲ್ಲ. ನಾನ್‌ಸ್ಟಿಕ್ ತವಾದ ಮೇಲೆ ದೋಸೆ ಯಾಕೆ ಕೂರುವುದಿಲ್ಲವೋ ಇಲ್ಲೂ ಅದೇ ಕಾರಣ. ಅಂಟು ಒಂದು ಮೈಯನ್ನು ಹಿಡಿಯಬೇಕಾದರೆ ಮೊದಲು ಅದರ ಮೇಲೆ ಹರಡಬೇಕು. ಹರಡಲು ಆ ಮೈಯೂ ಅಂಟನ್ನು ತನ್ನ ಕಡೆ ಸೆಳೆಯಬೇಕು. ಈ ಸೆಳೆತವನ್ನು ಅಳೆಯುವ ಲೆಕ್ಕದಲ್ಲಿ ಟೆಫ್ಲಾನ್ ಮೀಟರಿಗೆ 20 ಮಿಲಿನ್ಯೂಟನ್ ಆಸುಪಾಸು, ಪಾಲಿಪ್ರೊಪಿಲೀನ್ 30ರ ಸುಮಾರು, ಅಕ್ರಿಲಿಕ್ 40ರ ಹತ್ತಿರ ಬರುತ್ತದೆ. 30ಕ್ಕೂ 40ಕ್ಕೂ ಕಾಗದದ ಮೇಲೆ ದೊಡ್ಡ ಅಂತರವಿಲ್ಲ. ಬೆಂಚಿನ ಮೇಲೆ ಆ ಅಂತರವೇ ಎಲ್ಲ.

ಹಾಗಾಗಿ ಮುಚ್ಚಳ ಬಿಟ್ಟು ಅಕ್ರಿಲಿಕ್‌ಗೆ ಬನ್ನಿ. ಊರಲ್ಲಿ ಬೋರ್ಡ್, ಟ್ರೋಫಿ ಮಾಡುವ ಅಂಗಡಿಗಳಲ್ಲಿ ಕತ್ತರಿಸಿ ಉಳಿದ ತುಂಡುಗಳು ಬಿದ್ದಿರುತ್ತವೆ. ನಿಮಗೆ ಬೇಕಾಗಿರುವುದು ಬೆರಳಗಲದ ಬಿಲ್ಲೆಗಳು, ಕೇಳಿದರೆ ಕತ್ತರಿಸಿ ಕೊಡುತ್ತಾರೆ. ಅಂಟಿಸುವ ಮುಖವನ್ನು 220 ನಂಬರಿನ ಉಜ್ಜುಕಾಗದದಿಂದ ಹೊಳಪು ಹೋಗುವವರೆಗೆ ಉಜ್ಜಿ, ಸೋಪು ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ. ಆಮೇಲೆ ಆ ಮುಖವನ್ನು ಬೆರಳಿನಿಂದ ಮುಟ್ಟಬೇಡಿ. ಇನ್ನೂ ಗಟ್ಟಿ ಬೇಕೆಂದರೆ ನನ್ನ ಹಳೆಯ ಅಭ್ಯಾಸ ಹೇಳುತ್ತೇನೆ. ಗ್ಯಾರೇಜಿನವರು ಗಾಡಿಗೆ ಉಜ್ಜುವ ವಾಟರ್ ಪೇಪರ್ ತನ್ನಿ. ಅದರ ಒಂದು ತುಂಡನ್ನು ಒರಟು ಮುಖ ಮೇಲೆ ಬರುವಂತೆ ಅರಾಲ್ಡೈಟ್‌ನಿಂದ ಬಿಲ್ಲೆಗೆ ಅಂಟಿಸಿ ಒಂದು ರಾತ್ರಿ ಬಿಡಿ. ಆ ಒರಟಿನ ಮೇಲೆ ಪೊರೆ ಕೂರಿಸಿ. ಅರಾಲ್ಡೈಟ್ ಒಣ ಜಾಗದಲ್ಲಿ ಒಳ್ಳೆಯ ಕೆಲಸಗಾರ, ಒದ್ದೆ ಮಾಂಸದ ಮೇಲೆ ಮಾತ್ರ ಕೈಕೊಡುತ್ತದೆ. ಅದರ ಕೆಲಸ ಅದಕ್ಕೆ ಬಿಡಿ.

ಈಗ ನೀರಿನ ವಿಷಯ.

ಫೆವಿಕ್ವಿಕ್ ಥರದ ಅಂಟುಗಳೆಲ್ಲ ಸೈನೋಅಕ್ರಿಲೇಟ್ ಜಾತಿಯವು. 1942ರಲ್ಲಿ ಅಮೆರಿಕದಲ್ಲಿ ಹ್ಯಾರಿ ಕೂವರ್ ಮತ್ತು ಜೊತೆಯವರು ಬಂದೂಕಿನ ಗುರಿಗಾಜಿಗೆ ಸ್ಪಷ್ಟವಾದ ಪ್ಲಾಸ್ಟಿಕ್ ಹುಡುಕುತ್ತಿದ್ದಾಗ ಇದು ಕೈಗೆ ಸಿಕ್ಕಿತು. ಮುಟ್ಟಿದ್ದಕ್ಕೆಲ್ಲ ಅಂಟುತ್ತದೆ, ಪೀಡೆ ಅಂತ ಬದಿಗಿಟ್ಟರು. 1951ರಲ್ಲಿ ಕೊಡಾಕ್ ಕಂಪನಿಯಲ್ಲಿ ಮತ್ತೆ ಪರೀಕ್ಷೆ ಮಾಡುವಾಗ ಒಂದು ದುಬಾರಿ ಉಪಕರಣದ ಎರಡು ಗಾಜಿನ ಪ್ರಿಸಮ್‌ಗಳು ಅಂಟಿಕೊಂಡು ಹೋದವು. ಆಗ ಇದು ಪೀಡೆಯಲ್ಲ, ಅಂಟು ಅಂತ ಹೊಳೆಯಿತು. 1958ಕ್ಕೆ ಮಾರುಕಟ್ಟೆಗೆ ಬಂತು. ಗಾಜಿಗೆ ಯಾಕೆ ಅಂಟಿತು? ಒಣಗಿದಂತೆ ಕಾಣುವ ಗಾಜಿನ ಮೇಲೂ ಕಣ್ಣಿಗೆ ಕಾಣದಷ್ಟು ತೇವ ಇರುತ್ತದೆ. ಈ ಅಂಟನ್ನು ಗಟ್ಟಿ ಮಾಡುವುದೇ ಆ ತೇವ.

ಹಾಗಾದರೆ ಒದ್ದೆ ಮಾಂಸಕ್ಕೆ ಇನ್ನೂ ಚೆನ್ನಾಗಿ ಅಂಟಬೇಕಲ್ವಾ? ಇಲ್ಲೇ ಎಲ್ಲರೂ ಎಡವುವುದು. ಚೂರು ತೇವ ಸಾಕು, ಜಾಸ್ತಿ ಆದರೆ ಕೆಟ್ಟಿತು. ಪೊರೆಯ ಮೇಲೆ ನೀರಿನ ಹಾಳೆಯೇ ನಿಂತಿದ್ದರೆ ಅಂಟು ಪೊರೆಯನ್ನು ಮುಟ್ಟುವ ಮೊದಲು ನೀರನ್ನು ಮುಟ್ಟಿ ಅಲ್ಲೇ ಗಟ್ಟಿಯಾಗುತ್ತದೆ. ಪೊರೆಗೂ ಅಂಟಿಗೂ ನಡುವೆ ನೀರು ಉಳಿಯುತ್ತದೆ. ನೀವು ನೋಡಿದ ಬಿಳಿ ಸೆಟೆತ ಅದೇ: ದಪ್ಪ ಅಂಟು, ಅದರ ಬಿಸಿ, ಒಳಗೆ ಸಿಕ್ಕಿಬಿದ್ದ ನೀರು. ಗಟ್ಟಿಯಾಗುವಾಗ ಈ ಅಂಟು ಬಿಸಿಯಾಗುತ್ತದೆ. ದಪ್ಪ ಇದ್ದಷ್ಟೂ ಬಿಸಿ ಜಾಸ್ತಿ, ಹಿಡಿತ ಕಡಿಮೆ.

ಆದ್ದರಿಂದ ಕ್ರಮ ಹೀಗಿರಲಿ. ಕೆನ್ನೆಯನ್ನು ತಣ್ಣನೆಯ ಸಲೈನ್‌ನಲ್ಲಿ, ಐಸ್ ಮೇಲೆ ತನ್ನಿ. ಹೊಳೆಯುವ ಮುಖ ಮಾತ್ರೆಗೆ, ಅದರ ಹಿಂಬದಿ ಬಿಲ್ಲೆಗೆ. ಹಿಂಬದಿಯಲ್ಲಿ ಹಳದಿ ಬಿಳುಪಿನ ಕೊಬ್ಬು ಅಂಟಿಕೊಂಡಿರುತ್ತದೆ. ನಮ್ಮ ಕಡೆ ಸಂತೆಗೆ ಬರುವ ಮೇದ ಕುರಿಗಳಲ್ಲಂತೂ ಅದು ಧಾರಾಳ. ಸಣ್ಣ ಬಾಗಿದ ಕತ್ತರಿ ಹಿಡಿದು ಅದನ್ನು ಪೂರ್ತಿ ತೆಗೆಯಿರಿ. ಕೊಬ್ಬಿನ ಮೇಲೆ ಅಂಟು ಹಿಡಿದರೂ ಕೊಬ್ಬು ತನ್ನಿಂದ ತಾನೇ ಜಾರುತ್ತದೆ. ಇದಕ್ಕೆ ಹತ್ತು ನಿಮಿಷ ಹಿಡಿದರೆ ಹಿಡಿಯಲಿ. ಆಮೇಲೆ ಹಿಂಬದಿಯನ್ನು ಫಿಲ್ಟರ್ ಪೇಪರ್ ಮೇಲೆ ಇಟ್ಟು ಐದು ಎಣಿಸಿ ಎತ್ತಿ. ಒಣ ಜಾಗಕ್ಕೆ ಸರಿಸಿ ಮತ್ತೆ ಇಡಿ. ಪೇಪರ್ ಮೇಲೆ ಒದ್ದೆಯ ಗುರುತು ಮೊದಲ ಸಲ ಹರಡುತ್ತದೆ, ಮೂರನೆಯ ಸಲಕ್ಕೆ ಬರೀ ಪೊರೆಯ ಅಚ್ಚಷ್ಟೇ ಬೀಳುತ್ತದೆ. ಅದೇ ಸರಿಯಾದ ಹೊತ್ತು. ಉಜ್ಜಬೇಡಿ, ಟಿಶ್ಯೂ ಪೇಪರ್ ಬೇಡ, ಅದರ ನಾರು ಉಳಿದುಕೊಳ್ಳುತ್ತದೆ. ಫ್ಯಾನ್ ಕೆಳಗೆ ಒಣಗಿಸಲೂ ಹೋಗಬೇಡಿ. ಮಾರ್ಚ್, ಏಪ್ರಿಲ್‌ನ ಒಣ ಗಾಳಿಯಲ್ಲಿ ಪೊರೆ ನಿಮಿಷಗಳಲ್ಲೇ ಸುಕ್ಕಾಗಿಬಿಡುತ್ತದೆ.

ಅಂಟು ಹಚ್ಚುವುದು ಬಿಲ್ಲೆಗೆ, ಪೊರೆಗಲ್ಲ. ಎರಡು ಸೆಂಟಿಮೀಟರ್ ಬಿಲ್ಲೆಗೆ ಒಂದು ಸಣ್ಣ ಹನಿ ಸಾಕು. ಟೂತ್‌ಪಿಕ್‌ನಿಂದ ತೆಳ್ಳಗೆ ಹರಡಿ, ಅಂಚಿಗೆ ಎರಡು ಮಿಲಿಮೀಟರ್ ಜಾಗ ಬಿಡಿ. ಪೊರೆಯನ್ನು ಚಿಮಟದಲ್ಲಿ ಹಿಡಿದು ಒಂದು ಅಂಚಿನಿಂದ ಮಲಗಿಸಿ, ಗಾಳಿಗುಳ್ಳೆ ನಿಲ್ಲಬಾರದು. ಮೇಲೆ ಸಲೈನ್‌ನಲ್ಲಿ ನೆನೆಸಿದ ಹತ್ತಿ ಇಟ್ಟು ಅರ್ಧ ನಿಮಿಷ ಮೆಲ್ಲಗೆ ಒತ್ತಿ. ಒಣ ಹತ್ತಿ ಮಾತ್ರ ಯಾವತ್ತೂ ಬೇಡ. ಈ ಅಂಟು ಒಣ ಹತ್ತಿಗೆ ತಾಗಿದರೆ ಕೈ ಸುಡುವಷ್ಟು ಬಿಸಿಯಾಗುತ್ತದೆ, ಹೊಗೆಯೂ ಬರಬಹುದು. ಹತ್ತಿ ಗ್ಲೌಸ್ ಹಾಕಿಕೊಳ್ಳಬಾರದು ಅನ್ನುವುದೂ ಇದಕ್ಕೇ. ನೈಟ್ರೈಲ್ ಗ್ಲೌಸ್ ಹಾಕಿ. ಅಂಗಡಿಯಿಂದ ತಂದ ಕುರಿ, ಮೇಕೆ ಮಾಂಸದಲ್ಲಿ ಕಂದು ರೋಗದ (ಬ್ರುಸೆಲ್ಲೋಸಿಸ್) ಭಯವೂ ಇರುವುದರಿಂದ ಗ್ಲೌಸ್ ಹೇಗೂ ಬೇಕು.

ನಿಮ್ಮ ಪ್ರಶ್ನೆಯಲ್ಲಿ ಇಲ್ಲದ ಇನ್ನೊಂದು ವಿಷಯವಿದೆ. ನನ್ನ ಲೆಕ್ಕದಲ್ಲಿ ಪೊರೆ ಕಿತ್ತು ಬರುವುದಕ್ಕಿಂತ ಇದು ದೊಡ್ಡದು. ಕಿತ್ತು ಬಂದದ್ದು ಕಣ್ಣಿಗೆ ಕಾಣುತ್ತದೆ, ಇದು ಕಾಣುವುದಿಲ್ಲ. ಸೈನೋಅಕ್ರಿಲೇಟ್‌ನ ಆವಿ ಮೇಲೆದ್ದು ಹತ್ತಿರದ ತೇವದ ಮೇಲೆ ಕೂತು ಗಟ್ಟಿಯಾಗುತ್ತದೆ. ಜೋಡಿಸಿದ ಪ್ಲಾಸ್ಟಿಕ್ ಸುತ್ತ ಬಿಳಿ ಪುಡಿಯ ಗುರುತು ನೋಡಿರುತ್ತೀರಲ್ಲ, ಅದೇ. ನಿಮ್ಮ ಪೊರೆಯ ಮೇಲ್ಮುಖ ಒದ್ದೆಯಾಗಿ ಪಕ್ಕದಲ್ಲೇ ಇರುತ್ತದೆ. ಅಂಟು ನೀರಾಗಿದ್ದರೆ ಅಂಚಿನಿಂದ ಏರಿ ಮೇಲಕ್ಕೂ ಹರಿಯುತ್ತದೆ. ಅಲ್ಲಿ ತೆಳುವಾದ ಪ್ಲಾಸ್ಟಿಕ್ ಪದರ ಕಟ್ಟಿದರೆ ಮಾತ್ರೆ ಅಂಟಿಕೊಳ್ಳುವುದು ಕುರಿಯ ಲೋಳೆಗಲ್ಲ, ಆ ಪದರಕ್ಕೆ. ಅಳತೆ ಬರುತ್ತದೆ, ಗ್ರಾಫ್ ಬರುತ್ತದೆ, ಎಲ್ಲವೂ ಸುಳ್ಳು. ಅಂಚಿಗೆ ಜಾಗ ಬಿಡಲು ಹೇಳಿದ್ದು, ಮೇಲೆ ಒದ್ದೆ ಹತ್ತಿ ಇಡಲು ಹೇಳಿದ್ದು ಇದಕ್ಕಾಗಿಯೇ. ಹತ್ತಿ ತೆಗೆದ ಮೇಲೆ ಮೇಲ್ಮುಖವನ್ನು ಬಫರ್‌ನಿಂದ (ಹುಳಿ, ಕ್ಷಾರದ ಮಟ್ಟ ಬದಲಾಗದಂತೆ ಕಾಯುವ ದ್ರಾವಣ) ತೊಳೆದು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಮುತ್ತಿನ ಹಾಗೆ ಒಂದೇ ಸಮ ಹೊಳೆಯಬೇಕು. ಎಲ್ಲಾದರೂ ಮಂಕು ಕಂಡರೆ, ಸೂಜಿಮೊನೆಗೆ ಗರಗರ ಸಿಕ್ಕಿದರೆ ಆ ಬಿಲ್ಲೆ ಬಿಟ್ಟುಬಿಡಿ. ಹರಿಯದ, ಜೆಲ್ ರೂಪದ ಸೈನೋಅಕ್ರಿಲೇಟ್ ಸಿಕ್ಕರೆ ಅದೇ ತನ್ನಿ. ಬೇಗ ಗಟ್ಟಿಯಾಗಲಿ ಅಂತ ಸೋಡಾ ಪುಡಿ ಉದುರಿಸುವ ಚಾಳಿ ಕೆಲವರಿಗಿದೆ. ಆಟಿಕೆ ರಿಪೇರಿಗೆ ಸರಿ, ಇಲ್ಲಿ ಬೇಡ. ಬಿಸಿಯೂ ಏರುತ್ತದೆ, ಬಫರ್‌ನ ಪಿಎಚ್, ಅಂದರೆ ಆ ಹುಳಿ-ಕ್ಷಾರದ ಮಟ್ಟ ಕೂಡ ಕೆಡಬಹುದು.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ನಿಜವಾದ ಅಭಿಪ್ರಾಯ: ಅಂಟಿನ ಮೇಲೆ ಪೂರ್ತಿ ಭಾರ ಹಾಕಬೇಡಿ. ಈ ಅಂಟು ನೇರವಾಗಿ ಎಳೆದರೆ ತಡೆಯುತ್ತದೆ. ಅಂಚಿನಿಂದ ಸುಲಿದರೆ ತಡೆಯುವುದಿಲ್ಲ, ಬಾಳೆಸಿಪ್ಪೆ ಬಂದ ಹಾಗೆ ಬರುತ್ತದೆ. ತಕ್ಕಡಿಯಲ್ಲಿ ಮಾತ್ರೆ ಮೇಲಕ್ಕೆ ಎಳೆದಾಗ ಚೂರು ಓರೆಯಾದರೂ ಸಾಕು, ಒಂದು ಅಂಚು ಏಳುತ್ತದೆ, ಅಲ್ಲಿಂದ ಸುಲಿತ ಶುರು. ಆದ್ದರಿಂದ ಪೊರೆಯನ್ನು ಬಿಲ್ಲೆಗಿಂತ ದೊಡ್ಡದಾಗಿ ಕತ್ತರಿಸಿ. ನಡುವೆ ಅಂಟು ಹಾಕಿ, ಉಳಿದ ಅಂಚನ್ನು ಬಿಲ್ಲೆಯ ಪಕ್ಕಕ್ಕೆ ಮಡಚಿ, ಡೊಳ್ಳಿಗೆ ಚರ್ಮ ಬಿಗಿದ ಹಾಗೆ ದಾರದಿಂದ ಸುತ್ತಿ ಕಟ್ಟಿ. ಬಿಲ್ಲೆಯ ಪಕ್ಕದಲ್ಲಿ ಗರಗಸದಿಂದ ಒಂದು ಸಣ್ಣ ಗೀರು ಹಾಕಿಸಿಕೊಂಡರೆ ದಾರ ಜಾರುವುದಿಲ್ಲ. ನಡುವೆ ತೂತಿರುವ ಇನ್ನೊಂದು ಅಕ್ರಿಲಿಕ್ ಬಿಲ್ಲೆಯನ್ನು ಮೇಲಿಟ್ಟು ನಾಲ್ಕು ಸ್ಕ್ರೂ ಬಿಗಿದರೆ ಇನ್ನೂ ಒಳ್ಳೆಯದು, ಆಗ ಅಂಟೇ ಬೇಡ. ಚರ್ಮದ ಮೂಲಕ ಔಷಧಿ ದಾಟುವುದನ್ನು ಅಳೆಯುವ ಫ್ರಾಂಜ್ ಸೆಲ್ ನಿಮ್ಮ ಲ್ಯಾಬ್‌ನಲ್ಲೇ ಇರಬಹುದು, ನೋಡಿ. ಅದರಲ್ಲಿ ಚರ್ಮವನ್ನು ಎರಡು ಗಾಜುಗಳ ನಡುವೆ ಹಿಡಿದು ಕ್ಲಿಪ್ ಹಾಕುತ್ತಾರೆ ಅಷ್ಟೇ. ಡೆನ್ಮಾರ್ಕಿನ ಹ್ಯಾನ್ಸ್ ಉಸ್ಸಿಂಗ್ ಕಪ್ಪೆಯ ಚರ್ಮದಲ್ಲಿ ಉಪ್ಪು ಹೇಗೆ ದಾಟುತ್ತದೆ ಎಂದು ನೋಡಿದ್ದೂ ಹೀಗೆ ನಡುವೆ ಬಿಗಿದೇ.

ನೀವು ಪ್ರಯತ್ನಿಸಿದ ಉಳಿದ ಎರಡರ ಬಗ್ಗೆ ಎರಡೇ ಮಾತು. ಫೆವಿಕಾಲ್ ಗಟ್ಟಿಯಾಗುವುದು ತನ್ನೊಳಗಿನ ನೀರು ಹೊರಗೆ ಹೋದಾಗ. ಮರ ಆ ನೀರನ್ನು ಕುಡಿಯುತ್ತದೆ. ಒದ್ದೆ ಪೊರೆ ಕುಡಿಯುವುದಿಲ್ಲ, ಬದಲಿಗೆ ತನ್ನದನ್ನೂ ಕೊಡುತ್ತದೆ. ಅರಾಲ್ಡೈಟ್‌ನ ಗಟ್ಟಿಕಾರಕ ಒದ್ದೆಯಲ್ಲಿ ಅರೆಬರೆಯಾಗಿ ಉಳಿದು ಜಿಗುಟಾಗುತ್ತದೆ, ಪೊರೆಯೊಳಕ್ಕೂ ಇಳಿಯುತ್ತದೆ. ಯಾರಾದರೂ ಸಿಲಿಕಾನ್ ಸೀಲೆಂಟ್ ಹೇಳಿದರೆ ಮೂಸಿ ನೋಡಿ. ವಿನೆಗರ್ ವಾಸನೆ ಬಂದರೆ ಅದು ಗಟ್ಟಿಯಾಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ ಎಂದರ್ಥ. ನಿಮ್ಮ 6.8 ಪಿಎಚ್ ಬಫರ್‌ಗೆ ಅದು ನೆಂಟನಲ್ಲ.

ಜೀವಂತ ಅಂಗಾಂಶದ ಕೆಲಸ ಬೇರೆ ಕಥೆ. ಓದುವವರಲ್ಲಿ ಆ ಕೆಲಸದವರೂ ಇರಬಹುದು, ಅದಕ್ಕೆ ಸ್ವಲ್ಪ ಹೇಳುತ್ತೇನೆ. ಫೆವಿಕ್ವಿಕ್‌ನಲ್ಲಿರುವುದು ಈಥೈಲ್ ಜಾತಿ. ಇದರ ಅಣುವಿನ ಪಕ್ಕದ ಸರಪಳಿ ಚಿಕ್ಕದು, ಅಂಟು ದೇಹದ ತೇವದಲ್ಲಿ ಬೇಗ ಮುರಿದು ಫಾರ್ಮಾಲ್ಡಿಹೈಡ್ ಬಿಡುತ್ತದೆ. ಸರಪಳಿ ಉದ್ದವಾದಷ್ಟೂ ನಿಧಾನಕ್ಕೆ ಮುರಿಯುತ್ತದೆ, ಅಂಗಾಂಶಕ್ಕೆ ಕಾಟವೂ ಕಡಿಮೆ. ಅದಕ್ಕೇ ಗಾಯ ಮುಚ್ಚಲು ಬ್ಯೂಟೈಲ್, ಆಕ್ಟೈಲ್ ಜಾತಿಗಳನ್ನು ಬಳಸುವುದು. ಚರ್ಮ ಅಂಟಿಸುವ ಆಕ್ಟೈಲ್ ಅಂಟಿಗೆ ಅಮೆರಿಕದಲ್ಲಿ 1998ರಲ್ಲಿ ಒಪ್ಪಿಗೆ ಸಿಕ್ಕಿತು. ಮಿದುಳಿನ ತೆಳು ಬಿಲ್ಲೆ ಕತ್ತರಿಸುವ ವೈಬ್ರಟೋಮ್‌ನಲ್ಲಿ ಮಾತ್ರ ಸಾದಾ ಸೂಪರ್‌ಗ್ಲೂ (ಫೆವಿಕ್ವಿಕ್ ಥರದ್ದು) ಈಗಲೂ ನಡೆಯುತ್ತದೆ. ಅಂಟು ತಾಗುವುದು ತಳಕ್ಕೆ ಮಾತ್ರ, ಆ ತಳವನ್ನು ಹೇಗೂ ಬಿಸಾಡುತ್ತಾರೆ. ಜೀವಕೋಶಗಳನ್ನು, ಚಿಕ್ಕ ಭ್ರೂಣಗಳನ್ನು ಪಾಲಿಸ್ಟೈರೀನ್ ತಟ್ಟೆಗೆ ಕೂರಿಸಲು ಪಾಲಿಲೈಸೀನ್ ಸಾಕು. ಅದು ಧನ ವಿದ್ಯುದಂಶದ ಲೇಪ, ಕೋಶದ ಮೈ ಋಣ, ಎರಡೂ ಸೆಳೆದುಕೊಳ್ಳುತ್ತವೆ. ಅದಕ್ಕೆ ಒಂದು ಮಾತ್ರೆಯ ಭಾರ ತಡೆಯುವ ಶಕ್ತಿಯೆಲ್ಲ ಇಲ್ಲ. ಒದ್ದೆಯಲ್ಲೇ ಹಿಡಿಯುವ ಅಂಟು ಬೇಕಾದರೆ ಮಂಗಳೂರು ಕಡೆ ಪಚ್ಚಿಲೆ ಅನ್ನುತ್ತಾರಲ್ಲ, ಆ ಬಳಗದ ಚಿಪ್ಪುಜೀವಿಗಳನ್ನು ನೋಡಬೇಕು. ಅಲೆ ಬಡಿಯುವ ಬಂಡೆಗೆ ಅವು ನಾರು ಬಿಟ್ಟು ಕಚ್ಚಿಕೊಂಡಿರುತ್ತವೆ. ಅವುಗಳ ಪ್ರೋಟೀನ್‌ನಲ್ಲಿರುವ ಡೋಪಾ ಎಂಬ ಅಂಶ ಬಂಡೆಯ ಮೇಲಿನ ನೀರನ್ನು ಸರಿಸಿ ಜಾಗ ಹಿಡಿಯುತ್ತದೆ. ಅದನ್ನೇ ತೆಗೆದು ಲ್ಯಾಬ್ ಅಂಟಾಗಿ ಮಾರುತ್ತಾರೆ. ಬಲು ದುಬಾರಿ, ನಿಮ್ಮ ಕೆಲಸಕ್ಕೆ ಬೇಕಿಲ್ಲ.

ಅಂಟು ತೆಗೆಯುವಾಗ ನಾನು ಮಾಡಿದ ತಪ್ಪು ನೀವು ಮಾಡಬೇಡಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಲ್ಯಾಬ್‌ನ ಅಕ್ರಿಲಿಕ್ ಚೇಂಬರ್ ಒಂದಕ್ಕೆ ಸೂಪರ್‌ಗ್ಲೂ ಹತ್ತಿತ್ತು. ಅಸಿಟೋನ್ ಸೂಪರ್‌ಗ್ಲೂ ಕರಗಿಸುತ್ತದೆ ಅಂತ ಓದಿದ್ದೆ. ಜಾಣ ಅಂದುಕೊಂಡು ಬೀಕರ್‌ಗೆ ಅಸಿಟೋನ್ ಸುರಿದು ಚೇಂಬರ್ ಮುಳುಗಿಸಿ ಊಟಕ್ಕೆ ಹೋದೆ. ಬಂದು ನೋಡಿದರೆ ಗಾಜಿನಂತಿದ್ದದ್ದು ಗಂಜಿಯಂತೆ ಬೆಳ್ಳಗಾಗಿ, ಮೈತುಂಬ ಬಿರುಕು. ಸೂಪರ್‌ಗ್ಲೂ ಹೋಗಿತ್ತು, ಜೊತೆಗೆ ಚೇಂಬರ್ ಕೂಡ. ಅಕ್ರಿಲಿಕ್, ಪಾಲಿಸ್ಟೈರೀನ್, ಪಾಲಿಕಾರ್ಬೊನೇಟ್ ಮೂರಕ್ಕೂ ಅಸಿಟೋನ್ ಆಗದು. ಬಿಲ್ಲೆಯನ್ನು ಬೆಚ್ಚಗಿನ ಸೋಪು ನೀರಲ್ಲಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಬ್ಲೇಡಿನಿಂದ ಎಬ್ಬಿಸಿ, ಮತ್ತೆ ಉಜ್ಜಿ. ಬೆರಳು ಅಂಟಿಕೊಂಡರೂ ಅದೇ ಬೆಚ್ಚಗಿನ ಸೋಪು ನೀರು. ಎಳೆಯಬೇಡಿ, ಹೊರಳಿಸಿ ಬಿಡಿಸಿ. ಕಣ್ಣಿಗೆ ಹಾರಿದರೆ ನೀರಿನಿಂದ ತೊಳೆದು ನೇರ ಡಾಕ್ಟರ ಹತ್ತಿರ ಹೋಗಿ.

ಅಳತೆ ಶುರುಮಾಡುವ ಮೊದಲು ಜೋಡಣೆಯನ್ನೇ ಒಮ್ಮೆ ಪರೀಕ್ಷಿಸಿ. ಎರಡು ಬಿಲ್ಲೆಗಳ ನಡುವೆ ಒಂದು ಹಾಳು ಪೊರೆಯನ್ನು ಎರಡೂ ಕಡೆ ಅಂಟಿಸಿ, 37 ಡಿಗ್ರಿ ಬಫರ್‌ನಲ್ಲಿ ನಿಮ್ಮ ಪ್ರಯೋಗದಷ್ಟೇ ಹೊತ್ತು ಇಟ್ಟು, ತೂಕ ಹಾಕಿ ಎಳೆಯಿರಿ. ಮಾತ್ರೆ 25 ಗ್ರಾಂಗೆ ಬಿಡುತ್ತದೆ ಅಂದುಕೊಳ್ಳಿ. ಅದು 0.245 ನ್ಯೂಟನ್. ಜೋಡಣೆ ಅದರ ನಾಲ್ಕೈದು ಪಟ್ಟು, ಅಂದರೆ 100ರಿಂದ 125 ಗ್ರಾಂ ತಡೆದರೆ ನಿಶ್ಚಿಂತೆ. ತೂಕದ ಬೊಟ್ಟುಗಳನ್ನು ಒಂದೊಂದಾಗಿ ಇಟ್ಟರೆ ಪ್ರತಿ ಸಲ ತಕ್ಕಡಿ ಜರ್ಕ್ ಹೊಡೆಯುತ್ತದೆ, ಪೊರೆ ಸುಲಿಯುವುದು ಆ ಜರ್ಕ್‌ಗೇ. ಬದಲಿಗೆ ಇನ್ನೊಂದು ತಟ್ಟೆಯಲ್ಲಿ ಬೀಕರ್ ಇಟ್ಟು ಡ್ರಿಪ್ ಸೆಟ್‌ನಿಂದ ನೀರು ಬಿಡಿ. ಸಾಮಾನ್ಯ ಸೆಟ್‌ನಲ್ಲಿ 20 ಹನಿಗೆ ಸುಮಾರು ಒಂದು ಮಿಲೀ, ಅಂದರೆ ಒಂದು ಗ್ರಾಂ. ಮಾತ್ರೆ ಬಿಟ್ಟ ಕೂಡಲೇ ನಿಲ್ಲಿಸಿ ಬೀಕರ್ ತೂಗಿ.

ಅಂಟಿನ ಟ್ಯೂಬನ್ನು ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಮುಚ್ಚಿ ಫ್ರಿಜ್‌ನಲ್ಲಿಡಿ. ಹೊರತೆಗೆದ ಮೇಲೆ ತಣ್ಣಗಿರುವಾಗಲೇ ತೆರೆಯಬೇಡಿ, ಒಳಗೆ ಬೆವರಿ ಎಲ್ಲ ಗಟ್ಟಿಯಾಗುತ್ತದೆ. ಥೀಸಿಸ್‌ನಲ್ಲಿ ಫೆವಿಕ್ವಿಕ್ ಅಂತ ಬರೆಯಲು ಕೆಲವರಿಗೆ ನಾಚಿಕೆ, ಸುಮ್ನೆ 'ಸೂಕ್ತ ಅಂಟು' ಅಂತ ಬರೆದು ಮುಗಿಸುತ್ತಾರೆ. ನೀವು ಈಥೈಲ್ ಸೈನೋಅಕ್ರಿಲೇಟ್ ಅಂತ ಬರೆಯಿರಿ. ಎಷ್ಟು ಹನಿ, ಫಿಲ್ಟರ್ ಪೇಪರ್ ಮೇಲೆ ಎಷ್ಟು ಸಲ ಇಟ್ಟಿರಿ, ಬಿಲ್ಲೆ ಯಾವ ಪ್ಲಾಸ್ಟಿಕ್, ಎಷ್ಟು ಪೊರೆಗಳನ್ನು ಮಂಕಾದವು ಅಂತ ಕೈಬಿಟ್ಟಿರಿ, ಅದನ್ನೂ ಬರೆಯಿರಿ. ಮುಂದಿನ ವರ್ಷ ಅದೇ ಬ್ಯಾಲೆನ್ಸ್ ಮುಂದೆ ಕೂರುವ ನಿಮ್ಮ ಜೂನಿಯರ್ ಮೊದಲು ಹುಡುಕುವುದು ಆ ಸಾಲುಗಳನ್ನೇ.